ಇಪ್ಪತ್ತೈದು ಟನ್ನಿನ ಗೆರೆ: ಹ್ಯೂಸ್ಟನ್ ಸೀಮೆಯ ಇಂಧನ ಟರ್ಮಿನಲ್ ಒಂದರ ವಾಯು ಪರ್ಮಿಟ್ ಪ್ರಕರಣ

ಅಮೆರಿಕದ ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್ ಸುತ್ತಲಿನ ಎಂಟು ಕೌಂಟಿಗಳ ಪೈಕಿ ಒಂದರಲ್ಲಿರುವ ಪೆಟ್ರೋಲ್-ಡೀಸೆಲ್ ಟರ್ಮಿನಲ್ ಒಂದರ ಪ್ರಕರಣವಿದು. ತಾಣದ ಗುರುತು ಸಿಗದಂತೆ ಟ್ಯಾಂಕ್‌ಗಳ ಅಳತೆ, ಸಾಗಣೆಯ ಪ್ರಮಾಣ, ಪರೀಕ್ಷೆಯ ಫಲಿತಾಂಶಗಳನ್ನು ದುಂಡು ಅಂಕಿಗಳಿಗೆ ತಂದಿದೆ. ಲೆಕ್ಕಗಳೆಲ್ಲ ಆ ಅಂಕಿಗಳ ಮೇಲೆಯೇ ಮಾಡಿದವು. ಟನ್ ಎಂದಲ್ಲೆಲ್ಲ ಅಮೆರಿಕದ 2,000 ಪೌಂಡಿನ ಟನ್ ಎಂದು ಓದಿಕೊಳ್ಳಬೇಕು.

ಹಿನ್ನೆಲೆ

ಟರ್ಮಿನಲ್‌ಗೆ ಪೆಟ್ರೋಲ್ ಮತ್ತು ಡೀಸೆಲ್ ಪೈಪ್‌ಲೈನಿನಲ್ಲಿ ಬರುತ್ತವೆ, ಎಥನಾಲ್ ರೈಲಿನಲ್ಲಿ. ಹೊರಹೋಗುವುದೆಲ್ಲ ಟ್ಯಾಂಕರ್ ಲಾರಿಗಳಲ್ಲಿ. ಪೆಟ್ರೋಲಿಗೆ 100 ಅಡಿ ವ್ಯಾಸದ ಆರು ಟ್ಯಾಂಕ್‌ಗಳಿವೆ. ಆರರಲ್ಲೂ ಮೇಲೆ ಸ್ಥಿರ ಚಾವಣಿ, ಒಳಗೆ ದ್ರವದ ಮೇಲೆ ತೇಲುವ ಇನ್ನೊಂದು ಚಾವಣಿ. ಡೀಸೆಲ್ಲಿನ ಎರಡು ಟ್ಯಾಂಕ್‌ಗಳಿಗೆ ಸ್ಥಿರ ಚಾವಣಿ ಮಾತ್ರ. ಲಾರಿ ತುಂಬುವಾಗ ಹೊರದೂಡಲ್ಪಡುವ ಆವಿಯನ್ನು ಕೊಳವೆಯಲ್ಲಿ ಎಳೆದು ಸುಡುವ ಆವಿ ದಹನ ಘಟಕ ಒಂದಿದೆ. ಪರ್ಮಿಟ್ ಇದ್ದದ್ದು ವರ್ಷಕ್ಕೆ 30 ಕೋಟಿ ಗ್ಯಾಲನ್ ಪೆಟ್ರೋಲಿಗೆ. ಲೋಡಿಂಗ್ ರ್‍ಯಾಕ್‌ಗೆ ಲಾರಿ ನಿಂತು ತುಂಬಿಸಿಕೊಳ್ಳುವ ಇನ್ನೆರಡು ಲೇನ್ ಸೇರಿಸಿ ಅದನ್ನು 45 ಕೋಟಿಗೆ ಏರಿಸುವುದು ಯೋಜನೆ.

ಹ್ಯೂಸ್ಟನ್ ಸೀಮೆ ನೆಲಮಟ್ಟದ ಓಝೋನ್ ಮಾನದಂಡವನ್ನು ಮುಟ್ಟದ ಪ್ರದೇಶ. ಪೆಟ್ರೋಲ್ ಆವಿಯಂಥ ಸಾವಯವ ಅನಿಲಗಳು, ಅಂದರೆ ವಿಒಸಿ, ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆ. ಹಾಗಾಗಿ ಅಲ್ಲಿನ ಪರ್ಮಿಟ್ ಜಗಳವೆಲ್ಲ ವಿಒಸಿಯ ವಾರ್ಷಿಕ ಟನ್ನುಗಳ ಮೇಲೆ. ನಮ್ಮಲ್ಲಿ 1981ರ ವಾಯು ಕಾಯ್ದೆಯಡಿ ಮಂಡಳಿಯ ಸಮ್ಮತಿ ಪಡೆದು ರೂಢಿಯಿದ್ದವರಿಗೆ ಇದು ಮೊದಲು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಮೊದಲ ಪ್ರಶ್ನೆ ಚಿಮಣಿಯ ಎತ್ತರವಲ್ಲ. ಕಾನೂನು ಬಿಟ್ಟರೆ ಈ ತಾಣ ವರ್ಷಕ್ಕೆ ಗರಿಷ್ಠ ಎಷ್ಟು ಟನ್ ಬಿಡಬಲ್ಲದು ಎಂಬುದೇ ಮೊದಲ ಪ್ರಶ್ನೆ. ಆ ಅಂಕಿ ಗೆರೆಯ ಕೆಳಗಿದ್ದರೆ ಸಣ್ಣ ಮೂಲ, ಮೇಲಿದ್ದರೆ ದೊಡ್ಡ ಮೂಲ. ದೊಡ್ಡದಾದರೆ ವೆಚ್ಚ ನೋಡದೆ ಅತ್ಯಂತ ಬಿಗಿಯಾದ ನಿಯಂತ್ರಣ ಹಾಕಬೇಕು, ಬೇರೆ ಕಡೆಯ ಕಡಿತವನ್ನು ಕ್ರೆಡಿಟ್ ಆಗಿ ಕೊಳ್ಳಬೇಕು, ಫೆಡರಲ್ ಕಾರ್ಯಾಚರಣಾ ಪರ್ಮಿಟ್ ಬೇರೆ.

2019ರ ಸೆಪ್ಟೆಂಬರ್‌ನಿಂದ ಈ ಪ್ರದೇಶದ ದರ್ಜೆ ‘ಗಂಭೀರ’, ಗೆರೆ 50 ಟನ್. ಯೋಜನೆಯನ್ನು ರೂಪಿಸಿದ್ದು ಈ 50ನ್ನು ನಂಬಿ.

ಮೊದಲ ಅರ್ಜಿ: 46.4

ಲೋಡಿಂಗ್ ಲೆಕ್ಕಕ್ಕೆ ಎಲ್ಲರೂ ಬಳಸುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಎಪಿ-42 ಎಂಬ ಹೊರಸೂಸುವಿಕೆ ಗುಣಾಂಕಗಳ ಸಂಕಲನದ ಸೂತ್ರ. ಸಾವಿರ ಗ್ಯಾಲನ್ನಿಗೆ ಹೊರಬೀಳುವ ಆವಿ, ಪೌಂಡ್‌ಗಳಲ್ಲಿ: 12.46 ಗುಣಿಸು ತುಂಬುವ ಬಗೆಯ ಗುಣಾಂಕ, ಗುಣಿಸು ಆವಿಯೊತ್ತಡ, ಗುಣಿಸು ಆವಿಯ ಅಣುತೂಕ, ಭಾಗಿಸು ರ್‍ಯಾಂಕಿನ್ ಉಷ್ಣಾಂಶ. ಬಂಕಿಗೆ ಇಂಧನ ಸುರಿದು ಅಲ್ಲಿನ ಆವಿಯನ್ನೇ ಹೊತ್ತು ಮರಳುವ ಲಾರಿಗಳಿಗೆ ಗುಣಾಂಕ 1.0. ರೀಡ್ ಆವಿಯೊತ್ತಡ (100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅಳೆಯುವ ಮಾನಕ ಒತ್ತಡ) 10 ಇರುವ ಪೆಟ್ರೋಲಿಗೆ 70 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ನಿಜವಾದ ಆವಿಯೊತ್ತಡ ಚದರ ಇಂಚಿಗೆ 6.2 ಪೌಂಡ್, ಅಣುತೂಕ 66, ರ್‍ಯಾಂಕಿನ್ ಮಾಪನದಲ್ಲಿ (ಫ್ಯಾರನ್‌ಹೀಟ್‌ಗೆ 460 ಕೂಡಿಸಿದ್ದು) ಉಷ್ಣಾಂಶ 530. ಉತ್ತರ ಸಾವಿರ ಗ್ಯಾಲನ್ನಿಗೆ 9.62 ಪೌಂಡ್. 45 ಕೋಟಿ ಗ್ಯಾಲನ್ನಿಗೆ ಸುಮಾರು 2,160 ಟನ್ ಆವಿ.

ಇಷ್ಟರಲ್ಲಿ ಎಷ್ಟು ಭಾಗ ದಹನ ಘಟಕವನ್ನು ತಲುಪುತ್ತದೆ, ಎಷ್ಟು ಲಾರಿಯ ಮುಚ್ಚಳ-ಗ್ಯಾಸ್ಕೆಟ್‌ಗಳಲ್ಲೇ ಸೋರಿಹೋಗುತ್ತದೆ ಎಂಬುದರ ಮೇಲೆ ಇಡೀ ಪ್ರಕರಣ ನಿಂತಿದೆ. ಮೊದಲ ಅರ್ಜಿ ಹಿಡಿದ ದಾರಿ ಹೀಗಿತ್ತು. ಘಟಕದ ಹೊರಬಾಯಲ್ಲಿ ತುಂಬಿದ ಪ್ರತಿ ಲೀಟರಿಗೆ 10 ಮಿಲಿಗ್ರಾಂ ಎಂದರೆ 18.8 ಟನ್. ಲಾರಿಗಳ ಆವಿ 99.2% ಸಂಗ್ರಹವಾಗುತ್ತದೆಂದು ಹಿಡಿದರೆ ಸೋರಿಕೆ 17.3. ಪೆಟ್ರೋಲ್ ಮತ್ತು ಎಥನಾಲ್ ಟ್ಯಾಂಕ್‌ಗಳು 5.6. ಡೀಸೆಲ್ ಟ್ಯಾಂಕ್ ಹಾಗೂ ಡೀಸೆಲ್ ಲೋಡಿಂಗ್ 4.0. ಪಂಪು, ವಾಲ್ವು, ಫ್ಲ್ಯಾಂಜುಗಳ ಸೋರಿಕೆ 0.7. ಮೊತ್ತ 46.4.

ಡೀಸೆಲ್ಲಿನ 4 ಟನ್ ನೋಡಿ ಹುಬ್ಬೇರಿಸುವವರಿದ್ದಾರೆ. ಅದರ ಆವಿಯೊತ್ತಡ ಪೆಟ್ರೋಲಿನದರ ಕೆಲವು ನೂರರಲ್ಲಿ ಒಂದು ಪಾಲು ನಿಜ. ಆದರೆ ಸ್ಥಿರ ಚಾವಣಿಯ ಟ್ಯಾಂಕಿನಲ್ಲಿ ವರ್ಷಕ್ಕೆ 20 ಕೋಟಿ ಗ್ಯಾಲನ್ ಏರಿಳಿದರೆ ಅಷ್ಟು ಆಗಿಯೇ ಆಗುತ್ತದೆ. ಇನ್ನೂ ದೊಡ್ಡ ಗುಂಡಿ ಬೇರೆಯದು: ಹಿಂದಿನ ಸರದಿಯಲ್ಲಿ ಪೆಟ್ರೋಲ್ ಹೊತ್ತ ಲಾರಿ ಈಗ ಡೀಸೆಲ್ ತುಂಬಿಸಿಕೊಂಡರೆ ಹೊರಬರುವುದು ಪೆಟ್ರೋಲಿನ ಆವಿಯೇ. ನಿಯಮವೂ ಅದನ್ನು ಪೆಟ್ರೋಲ್ ಲಾರಿ ಎಂದೇ ಕರೆಯುತ್ತದೆ. ಅರ್ಜಿಯಲ್ಲಿ ಇದನ್ನು ಗಮನಿಸಿ ಡೀಸೆಲ್ ಲೇನ್‌ಗಳನ್ನೂ ಆವಿ ಕೊಳವೆಗೆ ಜೋಡಿಸಿದ್ದರು. ಮೊದಲ ಅರ್ಜಿಯಲ್ಲಿ ಸರಿಯಾಗಿದ್ದ ಕೆಲವೇ ಸಂಗತಿಗಳಲ್ಲಿ ಇದೊಂದು.

ನ್ಯೂನತೆ ಪತ್ರ

ರಾಜ್ಯದ ಪರಿಸರ ಆಯೋಗ ಟಿಸಿಇಕ್ಯೂನ ಪರಿಶೀಲಕರಿಂದ ಬಂದ ನ್ಯೂನತೆ ಪತ್ರದಲ್ಲಿ ಇದ್ದದ್ದು ಎರಡೇ ಪ್ರಶ್ನೆ.

ಒಂದು: 99.2%ಕ್ಕೆ ಆಧಾರವೇನು? ಟ್ಯಾಂಕರ್‌ಗಳಿಗೆ ವರ್ಷಕ್ಕೊಮ್ಮೆ ಸೋರಿಕೆ ಪರೀಕ್ಷೆ ಉಂಟು. ಟ್ಯಾಂಕಿಗೆ 18 ಇಂಚು ನೀರಿನಷ್ಟು ಒತ್ತಡ ಕೊಟ್ಟು ಐದು ನಿಮಿಷ ಬಿಟ್ಟು ಎಷ್ಟು ಇಳಿಯಿತೆಂದು ನೋಡುವುದು. ಹಳೆಯ ಮಟ್ಟದ ಪರೀಕ್ಷೆ 3 ಇಂಚಿನವರೆಗೆ ಇಳಿತವನ್ನು ಒಪ್ಪುತ್ತದೆ, ಅಂಥ ಲಾರಿಗೆ 98.7% ಸಂಗ್ರಹವಷ್ಟೇ ಸಲ್ಲುತ್ತದೆ. ಬಿಗಿ ಮಟ್ಟದ್ದು ದೊಡ್ಡ ಕಂಪಾರ್ಟ್‌ಮೆಂಟಿಗೆ ಸುಮಾರು 1 ಇಂಚನ್ನು ಮಾತ್ರ ಬಿಡುತ್ತದೆ, ಅದಕ್ಕೆ 99.2%. ಟರ್ಮಿನಲ್‌ನ ಗೇಟಿನಲ್ಲಿ ಚಾಲಕನ ಕಾರ್ಡ್ ಓದುವ ವ್ಯವಸ್ಥೆ ಪ್ರಮಾಣಪತ್ರದ ದಿನಾಂಕವನ್ನು ನೋಡುತ್ತಿತ್ತೇ ಹೊರತು ಅದು ಯಾವ ಮಟ್ಟದ ಪರೀಕ್ಷೆ ಎಂದಲ್ಲ. 3 ಇಂಚಿನ ಲಾರಿಗಳೂ ಸಲೀಸಾಗಿ ಒಳಬರುತ್ತಿದ್ದವು. ಅರ್ಧ ಪರ್ಸೆಂಟ್ ಎಂದರೆ ಎಷ್ಟು ಮಹಾ ಎನ್ನಿಸಬಹುದು. 2,160 ಟನ್ನಿನ ಮೇಲೆ ಅದು 10.8 ಟನ್.

ಎರಡು: ಚಾವಣಿ ನೆಲಕ್ಕಿಳಿದಾಗಿನ ಹೊರಸೂಸುವಿಕೆ ಎಲ್ಲಿ?

ತೇಲುವ ಚಾವಣಿ ದ್ರವದ ಮೇಲೆ ಕೂತಿರುವತನಕ ನಡುವೆ ಆವಿಗೆ ಜಾಗವಿಲ್ಲ. ಟ್ಯಾಂಕ್ ತೀರ ಬರಿದಾದಾಗ ಚಾವಣಿ ತನ್ನ ಕಾಲುಗಳ ಮೇಲೆ ನಿಲ್ಲುತ್ತದೆ, ದ್ರವ ಇನ್ನೂ ಕೆಳಗಿಳಿಯುತ್ತದೆ, ನಡುವಿನ ಖಾಲಿಯಲ್ಲಿ ಪೆಟ್ರೋಲ್ ಆವಿ ತುಂಬಿಕೊಳ್ಳುತ್ತದೆ. ಮತ್ತೆ ತುಂಬುವಾಗ ಅಷ್ಟೂ ಆವಿ ಹೊರಗೆ. ಈ ತಾಣದಲ್ಲಿ ಕಾಲಿನ ಎತ್ತರ 6 ಅಡಿ, ತಳದಲ್ಲಿ ಉಳಿಯುವ ದ್ರವ 1 ಅಡಿ, ಆವಿಯ ಜಾಗ 5 ಅಡಿ. 100 ಅಡಿ ವ್ಯಾಸಕ್ಕೆ ಸುಮಾರು 39,300 ಘನ ಅಡಿ. ಎಪಿ-42ರಲ್ಲಿ ತಳದ್ರವ ಉಳಿದ ಟ್ಯಾಂಕಿನ ಸಂತೃಪ್ತಿ ಗುಣಾಂಕ (ಜಾಗ ಎಷ್ಟರಮಟ್ಟಿಗೆ ಆವಿಯಿಂದ ತುಂಬಿದೆ ಎಂಬುದರ ಅಳತೆ) 0.6. ಒಂದು ಸಲ ಇಳಿದು ತುಂಬಿದರೆ 1,695 ಪೌಂಡ್, ಅಂದರೆ 0.85 ಟನ್. ಚಾವಣಿ ಕಾಲಮೇಲೆ ನಿಂತ ದಿನಗಳ ಉಸಿರಾಟದ ನಷ್ಟ ಇದರ ಮೇಲೆ.

ಅರ್ಜಿ ಬರೆದವರಿಗೆ ಚಾವಣಿ ಇಳಿಯುತ್ತದೆಂಬುದೇ ಗೊತ್ತಿರಲಿಲ್ಲ ಎನ್ನಲಾಗದು. ‘ವರ್ಷಕ್ಕೆ ಒಂದೆರಡು ಸಲ, ತಪಾಸಣೆಗೆ’ ಎಂದುಕೊಂಡಿದ್ದರು. ಕಂಟ್ರೋಲ್ ರೂಮಿನ ಟ್ಯಾಂಕ್ ಮಟ್ಟದ ದಾಖಲೆಯನ್ನು ತೆಗೆಸಿ, ಮಟ್ಟ ಕಾಲಿನ ಎತ್ತರಕ್ಕಿಂತ ಕೆಳಗೆ ಹೋದ ಗಂಟೆಗಳನ್ನು ಎಣಿಸಿದಾಗ ಒಂದೇ ವರ್ಷದಲ್ಲಿ 11 ಸಲ. ಆರು ಸಲ ವಸಂತದಲ್ಲಿ. ಚಳಿಗಾಲದ ಪೆಟ್ರೋಲಿನ ಆವಿಯೊತ್ತಡ ಹೆಚ್ಚು, ಮೇ 1ರೊಳಗೆ ಟರ್ಮಿನಲ್‌ಗಳಲ್ಲಿ ಬೇಸಿಗೆಯ ಮಿತಿಗೆ ಇಳಿಯಲೇಬೇಕು. ಹಳೆಯದನ್ನು ಪೂರ್ತಿ ಬಳಿದು ಹೊಸದನ್ನು ತುಂಬುವುದು ಕಾರ್ಯಾಚರಣೆಯವರಿಗೆ ಅತಿ ಸುಲಭದ ದಾರಿ. ಉಳಿದವು ಗ್ರೇಡ್ ಬದಲಾವಣೆಗೆ, ಪೈಪ್‌ಲೈನ್ ಸರಕು ತಡವಾದಾಗ ಲಾರಿಗಳನ್ನು ನಿಲ್ಲಿಸದಿರಲು. ಒಟ್ಟು 9.3 ಟನ್, ಅದೂ ತುಂಬುವ ನಷ್ಟವಷ್ಟೇ. ಟೆಕ್ಸಾಸ್‌ನಲ್ಲಿ ನಿರ್ವಹಣೆ, ಆರಂಭ, ನಿಲುಗಡೆಯ ಹೊರಸೂಸುವಿಕೆಗೂ ಅಧಿಕೃತ ಅನುಮತಿ ಬೇಕು. ಲೆಕ್ಕದಿಂದ ಹೊರಗಿಟ್ಟರೆ ಅದು ಮರೆವಷ್ಟೇ ಅಲ್ಲ, ಉಲ್ಲಂಘನೆಯೂ ಆಗುತ್ತದೆ.

46.4ಕ್ಕೆ 10.8 ಮತ್ತು 9.3 ಸೇರಿ 66.5. ಹಳೆಯ ಗೆರೆಗೂ ಇದು ಎಲ್ಲೋ ಆಚೆ.

ಮೊದಲ ಪ್ರತಿಕ್ರಿಯೆ ಕಾಗದದ ಮೇಲಿನ ಹೊಂದಾಣಿಕೆ: 1 ಇಂಚಿನ ಪ್ರಮಾಣಪತ್ರ ಇಲ್ಲದ ಲಾರಿಗೆ ಪ್ರವೇಶವಿಲ್ಲ, ವರ್ಷಕ್ಕೆ ಮೂರೇ ಸಲ ಚಾವಣಿ ಇಳಿಸುವುದು. ಮೊತ್ತ 49. ಗೆರೆಗೂ ಲೆಕ್ಕಕ್ಕೂ ನಡುವೆ ಒಂದು ಟನ್ ಅಂತರ. ಕಾರ್ಯಾಚರಣೆ ಮೇಲ್ವಿಚಾರಕರು ಇದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಪೈಪ್‌ಲೈನ್ ಒಂದು ವಾರ ಕೈಕೊಟ್ಟರೆ ಮೂರು ಇಳಿತ ಅಲ್ಲೇ ಮುಗಿಯುತ್ತದೆ ಎಂಬುದು ಅವರ ಆಕ್ಷೇಪ. ಪ್ರಕರಣದ ಮೊದಲ ಒಳ್ಳೆಯ ತಿರುವು ಈ ನಿರಾಕರಣೆಯೇ.

ಗೆರೆ ಜರುಗಿತು

2022ರ ಅಕ್ಟೋಬರ್ 7ರಂದು ಇಪಿಎ ಅಂತಿಮ ಆದೇಶ ಹೊರಡಿಸಿತು. 2008ರ ಓಝೋನ್ ಮಾನದಂಡವನ್ನು ಗಡುವಿನೊಳಗೆ ಮುಟ್ಟದ ಹ್ಯೂಸ್ಟನ್ ಸೀಮೆ ನವೆಂಬರ್ 7ರಿಂದ ‘ತೀವ್ರ’ ದರ್ಜೆಗೆ. ದೊಡ್ಡ ಮೂಲದ ಗೆರೆ 50ರಿಂದ 25 ಟನ್ನಿಗೆ ಇಳಿಯಿತು, ಕ್ರೆಡಿಟ್‌ನ ಅನುಪಾತ (ಒಂದು ಟನ್ ಏರಿಕೆಗೆ ಕೊಳ್ಳಬೇಕಾದ ಟನ್) 1.2ರಿಂದ 1.3ಕ್ಕೆ ಏರಿತು. ಆಕಾಶದಿಂದ ಬಿದ್ದ ಸುದ್ದಿಯೇನಲ್ಲ. ಕರಡು ಏಪ್ರಿಲ್‌ನಲ್ಲೇ ಪ್ರಕಟವಾಗಿತ್ತು. ಏಪ್ರಿಲ್‌ನ ನಂತರ 50ನ್ನು ನಂಬಿ ಅರ್ಜಿ ಹಾಕಿದ್ದು ದೊಡ್ಡ ಅಜಾಗರೂಕತೆ. ಪರ್ಮಿಟ್ ತಂಡದಲ್ಲಿ ಯಾರಿಗೂ ಕೇಂದ್ರದ ರಾಜಪತ್ರವಾದ ಫೆಡರಲ್ ರಿಜಿಸ್ಟರ್ ಓದುವ ಜವಾಬ್ದಾರಿ ಇರಲಿಲ್ಲ.

ಹೊಸ ಯೋಜನೆಯ ಮಾತಿರಲಿ, ಹಳೆಯ 30 ಕೋಟಿ ಗ್ಯಾಲನ್ ಪರ್ಮಿಟ್‌ನ ಲೆಕ್ಕವೇ ಸುಮಾರು 33 ಟನ್ ಇತ್ತು. ಒಂದು ಬೋಲ್ಟ್ ಕೂಡ ಅಲುಗದೆ ಇಡೀ ತಾಣ ದೊಡ್ಡ ಮೂಲವಾಗಿಬಿಟ್ಟಿತು.

ಎದುರಿಗಿದ್ದ ದಾರಿಗಳು ಮೂರು. ದೊಡ್ಡ ಮೂಲವೆಂದು ಒಪ್ಪಿಕೊಂಡು ಮುಂದುವರಿಯುವುದು: ಏರಿಕೆ 30 ಟನ್ ಎಂದರೆ 39 ಟನ್ ಕ್ರೆಡಿಟ್ ಕೊಳ್ಳಬೇಕು. ಹ್ಯೂಸ್ಟನ್‌ನಲ್ಲಿ ವಿಒಸಿ ಕ್ರೆಡಿಟ್‌ಗೆ ಬೇಡಿಕೆ ಹೆಚ್ಚು, ಮಾರುವವರು ಕಡಿಮೆ. ಜೊತೆಗೆ ಇನ್ನೊಂದು ನೆರಳು. ತೀವ್ರ ದರ್ಜೆಯ ಪ್ರದೇಶ 2027ರ ಜುಲೈ 20ರ ಗಡುವನ್ನೂ ತಪ್ಪಿಸಿದರೆ ದೊಡ್ಡ ಮೂಲಗಳು ಶುದ್ಧ ವಾಯು ಕಾಯ್ದೆಯ 185ನೇ ಕಲಮಿನಂತೆ ಶುಲ್ಕ ಕಟ್ಟಬೇಕು: ಮೂಲಮಟ್ಟದ 80% ಮೀರಿದ ಪ್ರತಿ ಟನ್ನಿಗೆ 1990ರ ಬೆಲೆಯಲ್ಲಿ 5,000 ಡಾಲರ್, ಹಣದುಬ್ಬರ ಸೇರಿಸಿ. ಎರಡನೆಯ ದಾರಿ ವಿಸ್ತರಣೆ ಬಿಟ್ಟು, ಇರುವ ಸಾಗಣೆಯನ್ನೂ ಕತ್ತರಿಸುವುದು. ಮೂರನೆಯದು ಉಪಕರಣ ಬದಲಿಸಿ ಇಡೀ ತಾಣವನ್ನು 25ರ ಕೆಳಗೆ, ಜಾರಿಗೊಳಿಸಬಲ್ಲ ಮಿತಿಗಳೊಂದಿಗೆ, ತರುವುದು.

ಮಾಲೀಕರು ಮೊದಲು ಒಲಿದದ್ದು ಕ್ರೆಡಿಟ್ ಕೊಳ್ಳುವುದಕ್ಕೆ. ಹಣ ಕೊಟ್ಟರೆ ಮುಗಿಯಿತೆಂಬ ಭಾವ. ಆ ಭಾವ ಕಳಚಿದ್ದು 185ನೇ ಕಲಮಿನ ಲೆಕ್ಕ ಮೇಜಿಗೆ ಬಂದಾಗ. ಕ್ರೆಡಿಟ್ ಒಂದು ಸಲದ ಖರ್ಚು, ಆ ಶುಲ್ಕ ವರ್ಷವರ್ಷದ್ದು.

ಎಲ್ಲಿ ಕತ್ತರಿಸುವುದು

ಮೂರನೆಯ ದಾರಿಯಲ್ಲಿ ಮೊದಲು ಕೈಹಾಕಿದ್ದು 17.3 ಟನ್ನಿನ ಲಾರಿ ಸೋರಿಕೆಗೆ. ಟಿಸಿಇಕ್ಯೂ ಮಾರ್ಗದರ್ಶನದಲ್ಲಿ ಒಂದು ಬಾಗಿಲು ತೆರೆದಿದೆ: ತುಂಬುವ ಅಷ್ಟೂ ಹೊತ್ತು ಲಾರಿಯ ಟ್ಯಾಂಕಿನೊಳಗೆ ಬ್ಲೋವರ್‌ನಿಂದ ನಿರ್ವಾತ ಉಳಿಸಿ, ಅದನ್ನು ಅಳೆದು ತೋರಿಸಿದರೆ ಸಂಗ್ರಹ 100% ಎಂದು ಲೆಕ್ಕ ಹಾಕಬಹುದು. ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಿದ್ದರೆ ಬಿರುಕಿನಲ್ಲಿ ಗಾಳಿ ಒಳನುಗ್ಗುತ್ತದೆ, ಆವಿ ಹೊರಬರುವುದಿಲ್ಲ. ಆಗ 17.3 ಸೊನ್ನೆ.

ಅದೊಂದೇ ಸಾಲದು. ಚಾವಣಿ ಇಳಿತ ಮೂರೇ ಸಲ ಎಂದಿಟ್ಟುಕೊಂಡರೂ ಇನ್ನೂ 31 ಟನ್ನಿನ ಮೇಲೆ. ದಹನ ಘಟಕದ ಮಿತಿಯನ್ನು ಲೀಟರಿಗೆ 10ರಿಂದ 5 ಮಿಲಿಗ್ರಾಂಗೆ ಇಳಿಸಬೇಕಾಯಿತು, 18.8 ಇದ್ದದ್ದು 9.4ಕ್ಕೆ ಬಂತು. ಹಿಂದಿನ ಪರೀಕ್ಷೆಗಳಲ್ಲಿ ಘಟಕ 2ರಿಂದ 4ರ ನಡುವೆ ಕೊಟ್ಟಿತ್ತು. 3ಕ್ಕೇ ಒಪ್ಪಿಕೊಳ್ಳೋಣ, ಇನ್ನಷ್ಟು ಸಾಗಣೆಗೆ ಜಾಗವಾಗುತ್ತದೆ ಎಂಬ ಸಲಹೆ ಬಂದಿತ್ತು. 4 ಕೊಟ್ಟ ಒಂದು ಪರೀಕ್ಷೆ ಫೈಲಿನಲ್ಲೇ ಇರುವಾಗ 3ರ ಮಿತಿ ಬರೆಸಿಕೊಳ್ಳುವುದು ಕೊರಳಿಗೆ ಹಗ್ಗ ತಾನೇ ಹಾಕಿಕೊಂಡಂತೆ ಎಂದು ಅದನ್ನು ಕೈಬಿಟ್ಟರು.

ಚಾವಣಿಯ ವಿಷಯದಲ್ಲಿ ಸ್ಥಳಪರಿಶೀಲನೆ ಒಂದು ಉಡುಗೊರೆ ಕೊಟ್ಟಿತು. ಇಂಥ ಚಾವಣಿಯ ಕಾಲಿಗೆ ಎರಡು ಸ್ಥಾನಗಳಿರುತ್ತವೆ. ಒಳಗೆ ಜನ ಓಡಾಡಿ ಕೆಲಸ ಮಾಡಲು ಎತ್ತರದ್ದು, ನಿತ್ಯದ ಬಳಕೆಗೆ ತಗ್ಗಿನದು. ಪಿನ್ ಬದಲಿಸಿದರೆ ಸಾಕು. ಕೊನೆಯ ಸಲ ಸ್ವಚ್ಛಗೊಳಿಸಿದಾಗ ಎತ್ತರದಲ್ಲಿಟ್ಟ ಪಿನ್‌ಗಳನ್ನು ಯಾರೂ ತಗ್ಗಿಸಿರಲಿಲ್ಲ. 3 ಅಡಿಗೆ ಇಳಿಸಿದರೆ ಆವಿಯ ಜಾಗ 5 ಅಡಿಯಿಂದ 2 ಅಡಿಗೆ, ಒಂದು ಇಳಿತದ ನಷ್ಟ 0.85ರಿಂದ 0.34 ಟನ್ನಿಗೆ. ಪಿನ್ ಬದಲಿಸಲು ಟ್ಯಾಂಕಿನೊಳಗೆ ಹೋಗಬೇಕಾದ್ದರಿಂದ ಪ್ರತಿ ಟ್ಯಾಂಕ್ ಖಾಲಿಯಾಗುವ ಸರದಿ ಕಾಯಬೇಕಾಯಿತು. ಎರಡರಲ್ಲಿ ಮಿಕ್ಸರ್ ಅಡ್ಡ ಬಂದು ಕಾಲು ತಗ್ಗಲಿಲ್ಲ. ಆ ಎರಡನ್ನು ಪೂರ್ತಿ ಬರಿದು ಮಾಡುವ ಪಟ್ಟಿಯಿಂದಲೇ ತೆಗೆದುಹಾಕಿದರು. ವಸಂತದ ಬದಲಾವಣೆಗೂ ಬೇರೆ ಕ್ರಮ ಬಂತು: ಮಾರ್ಚ್‌ನಿಂದಲೇ ಕಡಿಮೆ ಆವಿಯೊತ್ತಡದ ಸರಕನ್ನು ಸ್ವಲ್ಪಸ್ವಲ್ಪವೇ ತರಿಸಿ, ಚಾವಣಿ ತೇಲುತ್ತಿರುವಾಗಲೇ ಹಳೆಯದನ್ನು ತೆಳುವಾಗಿಸುವುದು. ಪ್ರಯೋಗಾಲಯದ ಮಾದರಿ ಹೆಚ್ಚಾಯಿತು, ಇಳಿತ ಕಡಿಮೆಯಾಯಿತು. ಪರ್ಮಿಟ್‌ಗೆ ಬರೆಸಿದ್ದು ವರ್ಷಕ್ಕೆ ತಗ್ಗು ಕಾಲಿನಲ್ಲಿ ನಾಲ್ಕು, ಎತ್ತರದಲ್ಲಿ ಒಂದು. ಒಟ್ಟು 2.2 ಟನ್.

ಹೊಸ ಮೊತ್ತ: ದಹನ ಘಟಕ 9.4, ಪೆಟ್ರೋಲ್-ಎಥನಾಲ್ ಟ್ಯಾಂಕ್ 5.6, ಡೀಸೆಲ್ 4.0, ಉಪಕರಣ ಸೋರಿಕೆ 0.7, ಇಳಿತ 2.2, ಇತರ ನಿರ್ವಹಣೆ 0.4. ಎಲ್ಲ ಸೇರಿ 22.3. ಮೇಲ್ವಿಚಾರಕರು ಈ ಸಲ ಸಹಿ ಹಾಕಿದರು. ಆವಿ ಸುಡುವುದರಿಂದ ಬರುವ ನೈಟ್ರೋಜನ್ ಆಕ್ಸೈಡ್ ಸುಮಾರು 4 ಟನ್, ಅದಕ್ಕೂ ಗೆರೆ 25ರದ್ದೇ, ಅಲ್ಲಿ ತೊಂದರೆಯಿರಲಿಲ್ಲ.

ಗಂಟೆಯ ಲೆಕ್ಕ

ಟನ್ನುಗಳು ಸರಿಹೋದ ಮೇಲೆ ಪೆಟ್ರೋಲ್ ಆವಿಯಲ್ಲಿರುವ ವಿಷಕಾರಿ ಬೆನ್ಜೀನ್ ಎದ್ದು ನಿಂತಿತು. ಬೇಲಿಯಾಚೆ ಮನೆಗಳಿದ್ದವು. ಟೆಕ್ಸಾಸ್ ಪರಿಶೀಲನೆಯಲ್ಲಿ ಬೆನ್ಜೀನ್‌ಗೆ ಒಂದು ಗಂಟೆಯ ಪರಿಣಾಮ ಮಟ್ಟ ಘನ ಮೀಟರಿಗೆ 170 ಮೈಕ್ರೋಗ್ರಾಂ, ವಾರ್ಷಿಕ 4.5. ವಾರ್ಷಿಕದ್ದು ಮಿತಿಯೊಳಗೇ ಉಳಿಯಿತು. ಗಂಟೆಯದ್ದು ಮಿತಿ ಮೀರಿತು, ಮತ್ತು ಕಾರಣ ಮತ್ತೆ ಇಳಿದ ಚಾವಣಿಯೇ.

ಇಲ್ಲೊಂದು ಸೂಕ್ಷ್ಮವಿದೆ, ಬೆಂಗಳೂರಿನ ಕಚೇರಿಗಳಲ್ಲಿ ಕೂತು ಇಂಥ ಲೆಕ್ಕ ಮಾಡಿಕೊಡುವವರು ಗಮನಿಸಬೇಕಾದದ್ದು. ಕಾಲು ತಗ್ಗಿಸಿದರೆ ವರ್ಷದ ಟನ್ ಇಳಿಯುತ್ತದೆ, ಗಂಟೆಯ ಪೌಂಡ್ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಒಂದು ಗಂಟೆಯಲ್ಲಿ ಎಷ್ಟು ಆವಿ ಹೊರಬೀಳುತ್ತದೆ ಎಂಬುದು ಆ ಗಂಟೆಯಲ್ಲಿ ಎಷ್ಟು ದ್ರವ ಒಳಬಂತು ಎಂಬುದರ ಮೇಲೆ ನಿಂತಿದೆ, ಆವಿಯ ಜಾಗ ಗಂಟೆಯೊಳಗೇ ತುಂಬಿಹೋಗದಿದ್ದರೆ ಒಟ್ಟು ಜಾಗದ ಮೇಲಲ್ಲ. ಪೈಪ್‌ಲೈನಿನಿಂದ ಗಂಟೆಗೆ 5,000 ಬ್ಯಾರಲ್ ಬಂದರೆ, ಎತ್ತರದ ಕಾಲಿನಲ್ಲಿ, ಗಂಟೆಗೆ 1,200 ಪೌಂಡ್ ವಿಒಸಿ. 1,000 ಬ್ಯಾರಲ್‌ಗೆ ಇಳಿಸಿದರೆ 240. ಆವಿ ಗಾಳಿಯಲ್ಲಿ ಹರಡುವುದನ್ನು ಲೆಕ್ಕಹಾಕುವ ಮಾದರಿ ಒಪ್ಪಿದ್ದು ಎರಡನೆಯದನ್ನು.

ಪೈಪ್‌ಲೈನ್ ನಡೆಸುವವರು ತಮ್ಮ ಹರಿವನ್ನು ಐದನೇ ಒಂದಕ್ಕೆ ಇಳಿಸಿಕೊಡುವುದಿಲ್ಲ. ಹಾಗಾಗಿ ಮೊದಲು ಪಕ್ಕದ ಟ್ಯಾಂಕಿನಿಂದ ಒಳಪಂಪಿನಲ್ಲಿ ನಿಧಾನವಾಗಿ ದ್ರವ ಬಿಟ್ಟು ಚಾವಣಿ ತೇಲಿಸಿ, ಆಮೇಲೆ ಪೈಪ್‌ಲೈನಿಗೆ ಬಾಗಿಲು ತೆರೆಯುವ ಕ್ರಮ ಬರೆದರು. ಸ್ಥಿರ ವಿದ್ಯುತ್ತಿನ ಕಿಡಿ ತಪ್ಪಿಸಲು ಚಾವಣಿ ತೇಲುವತನಕ ಒಳಹರಿವಿನ ವೇಗ ಸೆಕೆಂಡಿಗೆ 1 ಮೀಟರ್ ಮೀರಬಾರದೆಂಬ ಸುರಕ್ಷತಾ ರೂಢಿ ಮೊದಲೇ ಇತ್ತು. ಸುರಕ್ಷತೆಯ ಕೈಪಿಡಿಯಲ್ಲಿದ್ದದ್ದು ಪರ್ಮಿಟ್ ಲೆಕ್ಕದವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಸಾರ್ವಜನಿಕ ಪ್ರಕಟಣೆಯ ಅವಧಿಯಲ್ಲಿ ಬಂದ ಆಕ್ಷೇಪಗಳು ಹೆಚ್ಚಾಗಿ ವಾಸನೆ ಮತ್ತು ಲಾರಿ ಸಂಚಾರದ ಬಗ್ಗೆ. ಲಾರಿ ಸಂಚಾರ ವಾಯು ಪರ್ಮಿಟ್‌ನ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ನೆರೆಯವರಿಗೆ ಸಮಾಧಾನ ತರಲಿಲ್ಲ, ತರುವಂತೆಯೂ ಇರಲಿಲ್ಲ. ಪರ್ಮಿಟ್ ಸಿಕ್ಕಿತು.

ಬ್ಲೋವರ್ ಬಂದ ಮೇಲೆ

ಕಾಗದದಲ್ಲಿ ಸೊನ್ನೆಯಾದ 17.3 ಟನ್ ನೆಲದಲ್ಲಿ ಅಷ್ಟು ಸುಲಭಕ್ಕೆ ಸೊನ್ನೆಯಾಗಲಿಲ್ಲ. ಷರತ್ತು: ಪ್ರತಿ ಲೇನಿನ ಆವಿ ಕೊಳವೆಯಲ್ಲಿ ಒತ್ತಡ ಮಾಪಕ, ತುಂಬುವಾಗ ಕನಿಷ್ಠ 1.5 ಇಂಚು ನೀರಿನಷ್ಟು ನಿರ್ವಾತ, ಅದು ತಪ್ಪಿದರೆ ಆ ಲೇನಿನ ಲೋಡಿಂಗ್ ತಾನಾಗಿ ನಿಲ್ಲಬೇಕು.

ಮೊದಲ ವಾರಗಳಲ್ಲಿ ದೂರದ ಎರಡು ಹೊಸ ಲೇನ್‌ಗಳು ಪದೇಪದೇ ನಿಂತವು. ಬ್ಲೋವರ್ ವೇಗ ಹೆಚ್ಚಿಸಿದರು. ಆಗ ಹತ್ತಿರದ ಲೇನ್‌ಗಳಲ್ಲಿ ನಿರ್ವಾತ ಅತಿಯಾಗಿ, ಲಾರಿಗಳ ವೆಂಟ್ ಮೂಲಕ ಗಾಳಿ ಒಳನುಗ್ಗಿ ಆವಿ ತೆಳುವಾಯಿತು. ತೆಳುವಾದ ಆವಿ ಎರಡು ರೀತಿಯಲ್ಲಿ ಕೆಟ್ಟದ್ದು. ಪೆಟ್ರೋಲ್ ಆವಿ ದಟ್ಟವಾಗಿದ್ದಾಗ ಕೊಳವೆಯೊಳಗೆ ಹೊತ್ತಿಕೊಳ್ಳದು, ಗಾಳಿ ಬೆರೆತಂತೆ ಸ್ಫೋಟಕ ವ್ಯಾಪ್ತಿಗೆ ಇಳಿಯುತ್ತದೆ. ಜೊತೆಗೆ ಘಟಕದ ಉಷ್ಣಾಂಶ ಉಳಿಸಲು ನೈಸರ್ಗಿಕ ಅನಿಲ ಹೆಚ್ಚು ಸುಡಬೇಕು. ಜ್ವಾಲೆ ತಡೆಯುವ ಅರೆಸ್ಟರ್ ಇತ್ತಾದರೂ ಅದನ್ನೇ ನಂಬಿ ದಿನನಿತ್ಯ ಆ ವ್ಯಾಪ್ತಿಯಲ್ಲಿ ನಡೆಸುವಂತಿಲ್ಲ.

ಕಾರಣ ಸಿಕ್ಕಿದ್ದು ಕೊಳವೆಯ ಕೆಳಗೆ ನಡೆದು ನೋಡಿದಾಗ. ಆವಿಯ ಹಳೆಯ ಮುಖ್ಯ ಕೊಳವೆ ಹೆಡರ್‌ಗೆ ಹೊಸ ಲೇನ್‌ಗಳ ಕೊಳವೆ ಸೇರುವಲ್ಲಿ ಒಂದು ಇಳಿಜಾರು ತಪ್ಪಿತ್ತು. ರಾತ್ರಿ ತಂಪಿನಲ್ಲಿ ಆವಿಯಿಂದ ದ್ರವವಾದ ಪೆಟ್ರೋಲ್ ಅಲ್ಲಿ ನಿಂತು ಕೊಳವೆಯ ಮುಕ್ಕಾಲು ಭಾಗ ಕಟ್ಟಿತ್ತು. ಬ್ಲೋವರ್ ಎಳೆಯುತ್ತಿದ್ದದ್ದು ಆ ದ್ರವದ ಮೇಲಿನ ಸಂದಿಯಿಂದ. ಇಳಿಜಾರು ಸರಿಮಾಡಿ, ತಗ್ಗಿನಲ್ಲಿ ದ್ರವ ಹಿಡಿಯುವ ಪಾಟ್ ಇಟ್ಟು, ಬ್ಲೋವರ್ ವೇಗವನ್ನು ಅತಿ ದೂರದ ಲೇನಿನ ಮಾಪಕಕ್ಕೆ ಕಟ್ಟಿದ ಮೇಲೆ ಎರಡೂ ತುದಿಗಳು ಒಂದು ಹದಕ್ಕೆ ಬಂದವು. ಉಳಿದ ನಿಲುಗಡೆಗಳು ಹೆಚ್ಚಾಗಿ ಲಾರಿಯ ಆವಿ ಕಪ್ಲರ್ ಪೂರ್ತಿ ಕೂರದೆ ಒಳಗಿನ ಪಾಪೆಟ್ ವಾಲ್ವು ತೆರೆಯದಿದ್ದರಿಂದ. ಬೆಳಗಿನ ಜಾವ ನಾಲ್ಕಕ್ಕೆ ಸಾಲಿನಲ್ಲಿ ನಿಂತ ಚಾಲಕರಿಗೆ ಇದು ಕಿರಿಕಿರಿ. ಇಂಟರ್‌ಲಾಕ್ (ನಿರ್ವಾತ ತಪ್ಪಿದರೆ ಲೋಡಿಂಗ್ ನಿಲ್ಲಿಸುವ ವ್ಯವಸ್ಥೆ) ಬೈಪಾಸ್ ಮಾಡುವ ಕೀಲಿಯನ್ನು ರ್‍ಯಾಕ್‌ನಿಂದ ತೆಗೆದು ಕಂಟ್ರೋಲ್ ರೂಮಿಗೆ ಸಾಗಿಸಿದ್ದು ಆಗಲೇ.

ಪರೀಕ್ಷೆಯ ದಿನ ಇನ್ನೊಂದು ಎಡವಟ್ಟು. ನಿಯಮದಂತೆ ಪರೀಕ್ಷೆ ಆರು ಗಂಟೆಯದು, ಆ ಹೊತ್ತಿನಲ್ಲಿ ಕನಿಷ್ಠ 3,00,000 ಲೀಟರ್ ಪೆಟ್ರೋಲ್ ತುಂಬಬೇಕು. ಮೊದಲೇ ಆವಿ ವ್ಯವಸ್ಥೆಯ ಕೀಲುಗಳನ್ನೆಲ್ಲ ಮಾಪಕದಿಂದ ನೋಡಿ 10,000 ಪಿಪಿಎಂ ಮೀರಿದ ಸೋರಿಕೆ ಸರಿಪಡಿಸಿರಬೇಕು. ಇವೆಲ್ಲ ಆದವು. ಆದರೆ ಒಳ್ಳೆಯ ಅಂಕಿ ಬರಲೆಂದು ಘಟಕವನ್ನು 1,450 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿ ಪರೀಕ್ಷಿಸಿದರು. ಫಲಿತಾಂಶ ಲೀಟರಿಗೆ 2 ಮಿಲಿಗ್ರಾಂಗೂ ಕಡಿಮೆ. ಎಲ್ಲರೂ ಕೈಕುಲುಕಿದರು. ಪರೀಕ್ಷೆಯಲ್ಲಿದ್ದ ಉಷ್ಣಾಂಶವೇ ಇನ್ನು ಮುಂದೆ ಪಾಲಿಸಬೇಕಾದ ಕನಿಷ್ಠ ಎಂಬುದು ಅನಿಲದ ಬಿಲ್ ಬಂದಾಗ ನೆನಪಾಯಿತು. ಲಾರಿಗಳು ವಿರಳವಾದ ರಾತ್ರಿಗಳಲ್ಲಿ ಬರೀ ಉಷ್ಣಾಂಶ ಉಳಿಸಲೆಂದೇ ಅನಿಲ ಉರಿಯುತ್ತಿತ್ತು. ಎರಡನೇ ಸಲ 1,200 ಡಿಗ್ರಿಯಲ್ಲಿ ಪರೀಕ್ಷಿಸಿ 3ರ ಆಸುಪಾಸು ಪಡೆದರು. 5ರ ಮಿತಿಗೆ ಅದು ಧಾರಾಳ ಸಾಕು. ಮೊದಲೇ 3ರ ಮಿತಿ ಬರೆಸಿಕೊಂಡಿದ್ದರೆ ಈ ಎರಡನೇ ಪರೀಕ್ಷೆಗೆ ದಾರಿಯೇ ಇರುತ್ತಿರಲಿಲ್ಲ.

ಆಮೇಲೆ ಬಂದ ನಿಯಮ

2024ರ ಮೇ 8ರಂದು ಪೆಟ್ರೋಲ್ ಟರ್ಮಿನಲ್‌ಗಳಿಗೆ ಇಪಿಎಯ ಹೊಸ ಮಾನದಂಡ ಪ್ರಕಟವಾಯಿತು. ಅದು ಅನ್ವಯಿಸುವುದು ಕರಡು ಹೊರಬಿದ್ದ 2022ರ ಜೂನ್ 10ರ ನಂತರ ಕಟ್ಟಿದ ಅಥವಾ ಮಾರ್ಪಡಿಸಿದ ರ್‍ಯಾಕ್‌ಗಳಿಗೆ. ಟರ್ಮಿನಲ್‌ನ ಎಲ್ಲ ಲೇನ್ ಸೇರಿ ಒಂದೇ ಘಟಕವೆಂದು ನಿಯಮ ಎಣಿಸುವುದರಿಂದ ಎರಡು ಲೇನ್ ಸೇರಿಸಿದರೂ ಇಡೀ ರ್‍ಯಾಕ್ ಮಾರ್ಪಾಡಾದಂತೆ. ಹೊಸದಾಗಿ ಕಟ್ಟಿದವುಗಳ ದಹನ ಘಟಕಕ್ಕೆ ಲೀಟರಿಗೆ 1 ಮಿಲಿಗ್ರಾಂ, ಮಾರ್ಪಡಿಸಿದವಕ್ಕೆ 10. ಈ ತಾಣಕ್ಕೆ ಎರಡನೆಯದು ಸಂದು, 5ರ ಮಿತಿ ಮೊದಲೇ ಇದ್ದದ್ದರಿಂದ ಘಟಕ ಬದಲಿಸಬೇಕಾಗಲಿಲ್ಲ. ಬದಲಾದದ್ದು ಲಾರಿಗಳ ಸೋರಿಕೆ ಪರೀಕ್ಷೆಯ ಮಟ್ಟ, ಉಷ್ಣಾಂಶವನ್ನು ಮೂರು ಗಂಟೆಯ ಸರಾಸರಿಯಾಗಿ ನೋಡುವ ದಾಖಲೆ, ಉಪಕರಣ ಸೋರಿಕೆ ಹುಡುಕುವ ಕ್ರಮ. ಗೇಟಿನ ಕಾರ್ಡ್ ವ್ಯವಸ್ಥೆಯಲ್ಲಿ ಪರೀಕ್ಷೆಯ ಮಟ್ಟಕ್ಕೆ ಒಂದು ಕಾಲಂ ಆಗಲೇ ಸೇರಿಸಿದ್ದು ಇಲ್ಲಿ ಕೈಹಿಡಿಯಿತು.

ಈಗ ತಿಂಗಳ ಕೊನೆಯಲ್ಲಿ ಹಿಂದಿನ ಹನ್ನೆರಡು ತಿಂಗಳ ಮೊತ್ತ ಕಟ್ಟುತ್ತಾರೆ: ಸಾಗಿಸಿದ ಗ್ಯಾಲನ್, ಘಟಕದ ಕನಿಷ್ಠ ಉಷ್ಣಾಂಶ, ನಿರ್ವಾತ ತಪ್ಪಿದ ನಿಮಿಷಗಳು, ಚಾವಣಿ ಇಳಿತಗಳು. ನಿರ್ವಾತ ತಪ್ಪಿದ ನಿಮಿಷಗಳಲ್ಲಿ ತುಂಬಿದ ಪ್ರಮಾಣಕ್ಕೆ 100% ಬಿಟ್ಟು 98.7% ಹಿಡಿಯುತ್ತಾರೆ. ಟ್ಯಾಂಕಿನ ಮಟ್ಟ ಕಾಲಿನ ಎತ್ತರಕ್ಕಿಂತ ಆರು ಇಂಚು ಮೇಲಿರುವಾಗಲೇ ಕಂಟ್ರೋಲ್ ರೂಮಿನಲ್ಲಿ ಗಂಟೆ ಬಾರಿಸುತ್ತದೆ. ಅದನ್ನು ಮೀರಿ ಇಳಿಸಬೇಕಾದರೆ ಪಾಳಿಯ ಮುಖ್ಯಸ್ಥರು ಆ ವರ್ಷದ ಎಷ್ಟನೇ ಇಳಿತವೆಂದು ಬರೆದು ಸಹಿ ಹಾಕಬೇಕು. ಹೊಸ ಕ್ರಮದ ಮೊದಲ ವಸಂತದಲ್ಲಿ ಆ ಪುಸ್ತಕದಲ್ಲಿ ಬಿದ್ದದ್ದು ಎರಡು ಸಹಿ.